ಮೋನಮ್ಮ ಮಡಚದ ಕಂಬಳಿ

ಮೋನಮ್ಮ ನನ್ನನ್ನು ಬೈದ ಬೈಗುಳಗಳಲ್ಲಿ ಅಚ್ಚು ಹಾಕಿಸಬಹುದಾದವು ಮೂರೋ ನಾಲ್ಕೋ ಇವೆ. ಅವು ಮುಂದೆ ಬರುತ್ತವೆ. ಉಳಿದವನ್ನು ಆಗಲೇ ನುಂಗಿಕೊಂಡಿದ್ದೇನೆ. ಹತ್ತು ವರ್ಷವಾಯಿತು, ಇನ್ನೂ ಅರಗಿಲ್ಲ.

ಆಕೆಯ ಊರು ಕಂಗ್ಟಿಯಿಂದ ಮೂರು ಮೈಲಿ ಒಳಗೆ. ಹೆಸರು ಹೇಳುವುದಿಲ್ಲ. ಅಲ್ಲಿ ನನ್ನ ಮುಖ ನೋಡಿ ಬಾಗಿಲು ಹಾಕಿಕೊಳ್ಳುವ ಮನೆಗಳು ಇನ್ನೂ ಇವೆ. ಐವತ್ತಾರರಲ್ಲಿ ನಾರಾಯಣಖೇಡ ತಾಲೂಕು ಬೀದರ ಜಿಲ್ಲೆಯಿಂದ ಕಳಚಿಕೊಂಡು ಆಂಧ್ರಕ್ಕೆ ಹೋದಾಗ ಆ ಊರಿನ ಕಾಗದಪತ್ರ ತೆಲುಗಿಗೆ ಹೋಯಿತು, ಬೈಗುಳ ಕನ್ನಡದಲ್ಲೇ ಉಳಿಯಿತು. ಈ ಎರಡರ ನಡುವಿನ ಸಂದಿಯಲ್ಲಿ ನನಗೊಂದು ನೌಕರಿ ಸಿಕ್ಕಿತು. ಹೈದರಾಬಾದಿನ ಒಂದು ಆಹಾರ ಸಂಶೋಧನಾ ಸಂಸ್ಥೆಗೆ ಕನ್ನಡ, ತೆಲುಗು, ಉರ್ದು ಮೂರೂ ಬರುವ ಒಬ್ಬ ಮನುಷ್ಯ ಬೇಕಾಗಿದ್ದ. ಮೂರೂ ನನಗೆ ಬರುತ್ತಿದ್ದವು. ಮನುಷ್ಯ ಹೌದೋ ಅಲ್ಲವೋ ಎಂದು ಅವರು ಪರೀಕ್ಷೆ ಮಾಡಲಿಲ್ಲ.

ಜಹೀರಾಬಾದಿನಲ್ಲಿ ಒಂದು ಕೋಣೆ, ಒಂದು ಅಲಮಾರು, ಕಾಲು ಗಿಡ್ಡವಾದ ಒಂದು ಮೇಜು, ನಾನು. ಇಷ್ಟು ಸೇರಿ ಸಂಸ್ಥೆಯ ಕ್ಷೇತ್ರ ಕಚೇರಿ. ವರ್ಷವಿಡೀ ಬರೀ ಜೋಳ ತಿನ್ನುವವರ ಕೈ, ಕುತ್ತಿಗೆ ಕಪ್ಪಾಗಿ ಸಿಪ್ಪೆ ಏಳುವ ಕಾಯಿಲೆಯೊಂದಿದೆ. ಅದರ ಬೇರು ಹುಡುಕುವುದು ಸಂಸ್ಥೆಯ ಕೆಲಸ. ಅದಕ್ಕೆ ಊರವರ ರಕ್ತ ಬೇಕು. ರಕ್ತ ತೆಗೆಯುವ ಮೊದಲು ಊರಿನ ಏಳು ಜನರ ಒಂದು ಸಲಹಾ ಸಮಿತಿ ಮಾಡಬೇಕು, ಅದರಲ್ಲಿ ಹೆಂಗಸರೂ ಇರಬೇಕು, ಅವರು ಡಾಕ್ಟರಿಗೆ ಸಲಹೆ ಕೊಡಬೇಕು ಎಂದು ದೊಡ್ಡವರು ಯಾರೋ ಬರೆದಿದ್ದರು. ಏಳು ಜನರನ್ನು ಕೂಡಿಸುವುದು, ಕೂಡಿಸಿದವರು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು, ಇವೆರಡು ನನ್ನ ಪಾಲಿನ ಕೆಲಸ. ಕೂಡಿಸುವುದು ಸುಲಭ, ಕೂಡಿಸಿದ್ದು ಚದುರದಂತೆ ಕಾಯುವುದು ಕಷ್ಟ ಎಂದು ಕುರಿ ಕಾಯುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ. ನಾನು ಕುರ್ಚಿ ತಂದೆ.

ಏಳು ಮಡಚುವ ಕಬ್ಬಿಣದ ಕುರ್ಚಿ. ಬಸ್ಸಿನ ಮೇಲೆ ಕಂಗ್ಟಿತನಕ, ಅಲ್ಲಿಂದ ಎತ್ತಿನ ಗಾಡಿ. ಅವು ಊರಿಗೆ ಬಂದ ದಿನವೇ ಸಮಿತಿಯ ಐದು ಜಾಗ ತುಂಬಿದವು. ಊರಲ್ಲಿ ಎಲ್ಲರಿಗಿಂತ ಹೆಚ್ಚು ಹೊಲವಿದ್ದ ವಿಠೋಬಾ ಮೊದಲು ಬಂದು ಕೂತ. ವಿಠೋಬಾ ಕೂತ ಎಂದು ಹಜಾಮ ಸಾಯಪ್ಪ ಕೂತ. ಸಾಯಪ್ಪನೇ ಕೂತಮೇಲೆ ತಾವೇನು ಕಡಿಮೆ ಎಂದು ಮೂವರು ಕೂತರು. ಹೆಂಗಸರು ಮಾತ್ರ ಒಬ್ಬರೂ ಬರಲಿಲ್ಲ. "ಮೋನಮ್ಮ ಬಂದ್ರ ನಾವು ಬರ್ತೀವಿ" ಎಂದರು.

ಮೋನಮ್ಮನಿಗೆ ಆಗ ನಲವತ್ತೈದರ ಸುಮಾರು. ಗಂಡ ಶಿವರಾಯ ಕುರಿ ಹಿಂಡಿನ ಜೊತೆ ಅರ್ಧ ವರ್ಷ ಮಂಜೀರಾ ದಂಡೆಯಲ್ಲಿರುತ್ತಿದ್ದ. ಮನೆ, ಮರಿಗಳು, ಎರಡು ಎಕರೆ ಜೋಳ ಈಕೆಯದು. ಊರಿನ ಅರ್ಧ ಮಕ್ಕಳ ಹೊಕ್ಕುಳು ಕೊಯ್ದವಳು. ಹೆರಿಗೆಗೆ ಹೋದರೆ ಒಳಗೆ ಕಂಡದ್ದನ್ನು ಹೊರಗೆ ಹಾಗೇ ಹೇಳುತ್ತಿದ್ದಳು. ವಿಠೋಬಾನ ಮನೆಯಲ್ಲಿ ಒಮ್ಮೆ, ತಾಯಿ ಉಳಿಯುತ್ತಾಳೆ, ಕೂಸು ಉಳಿಯುವುದಿಲ್ಲ ಎಂದು ಬೆಳಗಾಗುವ ಮೊದಲೇ ಹೊರಗೆ ಬಂದು ಹೇಳಿದಳಂತೆ. ವಿಠೋಬಾ ಆಕೆಯ ಮೇಲೆ ಕೈ ಎತ್ತಿದನಂತೆ. ಹೇಳಿದಂತೆಯೇ ಆಯಿತು. ಮರುವರ್ಷ ಮತ್ತೆ ಬಸುರಾದಾಗ ವಿಠೋಬಾ ತಾನೇ ಬಂದು ಕರೆದುಕೊಂಡು ಹೋದ. ಕೆಟ್ಟ ಸುದ್ದಿಯನ್ನು ಮುಚ್ಚಿಡುವವಳಲ್ಲ, ಆದ್ದರಿಂದ ಒಳ್ಳೆಯದು ಹೇಳಿದರೆ ನಂಬಬಹುದು ಎಂಬುದು ಊರಿನ ಲೆಕ್ಕ. ಆಕೆಯ ಆಸ್ತಿ ಎಂದರೆ ಅದೊಂದೇ ಮಾತು.

ನಾನು ಹೋದಾಗ ಅಂಗಳದಲ್ಲಿ ಒಂದು ಮರಿಯ ಉಣ್ಣೆಗೆ ಸಿಕ್ಕ ಮುಳ್ಳುಕಾಯಿ ಆರಿಸುತ್ತ ಕೂತಿದ್ದಳು.

"ಮೋನಮ್ಮಾ, ಕಮಿಟಿಗಿ ನೀವು ಬೇಕ್ರಿ."

"ಕಮಿಟ್ಯಾಗ ಏನು ಮಾಡೂದ್ರಿ ಸಾಹೇಬ್ರ?"

"ಸಲಹಾ ಕೊಡೂದು."

"ಯಾರಿಗಿ?"

"ಡಾಕ್ಟ್ರಿಗಿ."

ಆಕೆ ಮರಿಯ ಬಾಯಿ ಹಿಡಿದುಕೊಂಡೇ ನಕ್ಕಳು. "ಡಾಕ್ಟ್ರು ನನ್ ಮಾತು ಕೇಳ್ತಾರ? ನನ್ ಗಂಡನೇ ಕೇಳಾಂಗಿಲ್ಲ."

"ಕೇಳಬೇಕಂತ ಕಾಗದದಾಗ ಬರದದ್ರಿ."

"ಕಾಗದದಾಗ ಬರದಾರಂದ್ರ ಕೇಳಾಂಗಿಲ್ಲಂತೇ ಆತು."

ಆದರೂ ಇನ್ನೊಬ್ಬ ಹೆಂಗಸನ್ನು ಕರೆದುಕೊಂಡು ಬಂದಳು, ಏಳು ಜಾಗವೂ ತುಂಬಿದವು. ಬಂದದ್ದು ಕುರ್ಚಿಗಲ್ಲ. ಆಕೆಯ ನೆಗೆಣ್ಣಿ ದ್ರೌಪದಿ, ಅಂದರೆ ಮೈದುನ ಯಂಕಪ್ಪನ ಹೆಂಡತಿ, ಅದೇ ಮನೆಯಲ್ಲಿ ಇನ್ನೊಂದು ಒಲೆ ಹೂಡಿಕೊಂಡು ಇದ್ದಳು. ಅವಳ ಕುತ್ತಿಗೆಯ ಸುತ್ತ ಸರ ಹಾಕಿದಂತೆ ಒಂದು ಕಪ್ಪು ಗೆರೆ ಎದ್ದಿತ್ತು. ಬಿಸಿಲಿಗೆ ಸುಟ್ಟದ್ದು ಎಂದು ಎಲ್ಲರೂ ಅಂದಿದ್ದರು. ಮೋನಮ್ಮನಿಗೆ ಆ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಬಿಸಿಲು ಎಲ್ಲರ ಕುತ್ತಿಗೆಯ ಮೇಲೂ ಬೀಳುತ್ತದೆ.

ಎಪ್ಪತ್ತಾರನೇ ಇಸವಿ, ಸಂಕ್ರಾಂತಿ ಕಳೆದ ವಾರ. ಮೋನಮ್ಮನ ಮನೆಯ ಪಡಸಾಲೆಯಲ್ಲಿ ಸಮಿತಿ ಸೇರಿತು. ಡಾಕ್ಟರ್ ನರಸಿಂಹುಲು ಹೈದರಾಬಾದಿನಿಂದ ಜೀಪಿನಲ್ಲಿ ಬಂದರು. ಸದಸ್ಯರು ಕುರ್ಚಿಯ ಮೇಲೆ ಕಾಲು ಮಡಚಿ, ಯಾವಾಗ ಮುಗಿಯುತ್ತದೋ ಎನ್ನುವ ಮುಖ ಮಾಡಿ ಕೂತಿದ್ದರು. ಊರವರು ಬಾಗಿಲಲ್ಲಿ. ರಕ್ತ ಕೊಡಲು ಯಾರೂ ಒಪ್ಪಲಿಲ್ಲ. "ನಮ್ ರಕ್ತ ಪಟ್ನದಾಗ ಬಾಟ್ಲಿ ಮಾಡಿ ಮಾರ್ತಾರಂತ" ಎಂದು ಒಬ್ಬ ಕೂಗಿದ. ಸಮಿತಿಯ ಸದಸ್ಯನಾದ ವಿಠೋಬಾನೇ ಹೌದೆಂದು ತಲೆಯಾಡಿಸಿದ.

ಮೋನಮ್ಮ ಎದ್ದು ನಿಂತಳು. ಆ ಸಮಿತಿ ತನ್ನ ಆಯುಸ್ಸಿನಲ್ಲಿ ಕೊಟ್ಟ ಒಂದೇ ಒಂದು ಸಲಹೆ ಅದು.

"ರಕ್ತ ನಮ್ದು. ನಿಮಗ ಬೇಕಾಗ್ಯದ, ಒಯ್ಯಿರಿ. ಆದ್ರ ಅದರಾಗ ಏನು ಸಿಕ್ತು ಅಂತ ಹೊಳ್ಳಿ ಬಂದು ಮನಿಮನಿಗಿ ಹೇಳಬೇಕು. ಒಳ್ಳೇದಿರಲಿ, ಕೆಟ್ಟದಿರಲಿ. ಹೇಳ್ತೀರೇನು?"

ಡಾಕ್ಟರಿಗೆ ಬಹಳ ಸಂತೋಷವಾಯಿತು. ಬರೆದುಕೊಂಡರು. ಬರೆದುಕೊಂಡರೆ ಕೆಲಸ ಮುಗಿಯಿತೆಂದು ನಾವಿಬ್ಬರೂ ತಿಳಿದಿದ್ದೆವು. ಮೋನಮ್ಮ ಒಳಗೆ ಹೋಗಿ ಒಂದು ಕರಿ ಕಂಬಳಿ ತಂದು ಪಡಸಾಲೆಯ ನಡುವೆ ಹಾಸಿದಳು. ಶಿವರಾಯ ಮದುವೆಯ ವರ್ಷ ತನ್ನದೇ ಕುರಿಯ ಉಣ್ಣೆಯಲ್ಲಿ ನೇಯಿಸಿದ ಕಂಬಳಿ. ಬಾಗಿಲಲ್ಲಿ ನಿಂತಿದ್ದವರು ಚಪ್ಪಲಿ ಕಳಚಿದರು.

ಕುರುಬರಲ್ಲಿ ಒಂದು ಪದ್ಧತಿ. ಎರಡು ಮನೆಗಳ ನಡುವೆ ದೊಡ್ಡ ಮಾತು ಆಗಬೇಕಾದರೆ, ಹೆಣ್ಣು ಕೊಡುವುದಿರಲಿ, ಕುರಿ ಪಾಲಿಗೆ ಬಿಡುವುದಿರಲಿ, ನಡುವೆ ನಿಂತವರು ತಮ್ಮ ಕಂಬಳಿ ಹಾಸುತ್ತಾರೆ. ಮಾತು ಕೊಡುವವನು ಅದರ ಮೇಲೆ ಕೂತು ಹೇಳಬೇಕು. ಹೇಳಿದ್ದು ಪೂರೈಸಿದ ಮೇಲೆ ಅವನೇ ಬಂದು ಮತ್ತೆ ಅದರ ಮೇಲೆ ಕೂತು 'ಮಾತು ಮುಗೀತು' ಎನ್ನಬೇಕು. ಅಲ್ಲಿಯತನಕ ಕಂಬಳಿ ಮಡಚುವಂತಿಲ್ಲ, ಬೇರೆಯವರು ಅದರ ಮೇಲೆ ಕೂಡುವಂತಿಲ್ಲ. ಸಾಮಾನ್ಯವಾಗಿ ಒಂದು ದಿನ, ಹೆಚ್ಚೆಂದರೆ ಮೂರು ದಿನ.

ಡಾಕ್ಟರು ಇದನ್ನು ಹಳ್ಳಿಯವರ ಉಪಚಾರ ಎಂದುಕೊಂಡು ಬೂಟು ಕಳಚಿ ಕೂತರು. ನನಗೆ ಪದ್ಧತಿ ಗೊತ್ತಿತ್ತು. ಹೇಳಿದರೆ ಕೂಡಲಿಕ್ಕಿಲ್ಲವೆಂದು ಹೇಳಲಿಲ್ಲ. ಪಕ್ಕದಲ್ಲಿ ನಾನೂ ಕೂತೆ. ಡಾಕ್ಟರು ನನ್ನತ್ತ ತಿರುಗಿ, "ಪ್ರಯತ್ನ ಮಾಡುತ್ತೇವೆ ಎಂದು ಹೇಳಿ" ಎಂದರು, ಇಂಗ್ಲಿಷಿನಲ್ಲಿ. ಊರವರಿಗೆ ತೆಲುಗು ತಿಳಿಯುತ್ತಿತ್ತು. ಅದಕ್ಕೇ ಕೈತೊಳೆದುಕೊಳ್ಳುವ ಮಾತನ್ನೆಲ್ಲ ಅವರು ಇಂಗ್ಲಿಷಿನಲ್ಲಿ ಆಡುತ್ತಿದ್ದರು. ನಾನು ಜನರ ಮುಖ ನೋಡಿದೆ. ಪ್ರಯತ್ನಕ್ಕೆ ಯಾರೂ ತೋಳು ಚಾಚುವಂತೆ ಕಾಣಲಿಲ್ಲ. ಗಂಟಲು ಸರಿಮಾಡಿಕೊಂಡು ಹೇಳಿದೆ: "ಉಗಾದಿ ಒಳಗ ಬಂದು ಮನಿಮನಿಗಿ ಹೇಳ್ತೀವಿ."

ಸಾಲದ್ದಕ್ಕೆ ಕಂಬಳಿಯನ್ನು ಅಂಗೈಯಿಂದ ತಟ್ಟಿದೆ. ನಾಟಕದಲ್ಲಿ ಪಾರ್ಟು ಮಾಡಿದ ಚಟ.

ಎರಡು ದಿನ ಮೋನಮ್ಮ ನಮ್ಮ ಮುಂದೆ ಮುಂದೆ ನಡೆದಳು. ಅರವತ್ತೆರಡು ಮನೆ. ಅಳುವವರ ತೋಳನ್ನು ತಾನೇ ಹಿಡಿದಳು, ಹೆದರುವ ಗಂಡಸರನ್ನು ನಗಿಸಿದಳು. "ಕುರಿ ಕೊಯ್ಯಾಗ ನೋಡ್ತಿ, ಸೂಜಿ ನೋಡಿ ಕಣ್ ಮುಚ್ತಿ, ಥೂ." ದ್ರೌಪದಿ ಕೊನೆಗೆ ಬಂದಳು. "ಅಕ್ಕಾ, ನಂಗ ಅಂಜಿಕಿ ಬರ್ತದ" ಎಂದಳು. ಮೋನಮ್ಮ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, ಕೈಯನ್ನು ತಾನೇ ಚಾಚಿ ಹಿಡಿದಳು.

ಉಗಾದಿಗೆ ಎರಡು ವಾರವಿದ್ದಾಗ ಹೈದರಾಬಾದಿನಿಂದ ಜಹೀರಾಬಾದಿಗೆ ಒಂದು ಕಟ್ಟು ಬಂತು. ಇಲ್ಲಿ ನಾನು ಅಡ್ಡದಾರಿ ಹಿಡಿಯದೆ ಹೇಳಿಬಿಡಬೇಕು. ಕಟ್ಟಿನ ಮೇಲೆ 'ಕ್ಷೇತ್ರ ಕಚೇರಿಯ ಕಡತಕ್ಕೆ' ಎಂದು ಬರೆದಿತ್ತು. ಬಿಚ್ಚಿದೆ. ಮನೆಗೊಂದರಂತೆ ಅರವತ್ತೆರಡು ಚೀಟಿ, ಹೆಸರು, ಅಂಕಿ, ಕೆಳಗೆ ಇಂಗ್ಲಿಷಿನ ಎರಡು ಸಾಲು. ಏನೆಂದು ತಿಳಿಯಿತು. ಇವನ್ನು ಹಿಡಿದು ಮನೆಮನೆ ತಿರುಗಬೇಕೆಂದೂ ತಿಳಿಯಿತು. ಬಿಸಿಲು ಬಲವಾಗಿತ್ತು. ಕಡತಕ್ಕೆ ಎಂದಿದೆಯೇ ಹೊರತು ಊರಿಗೆ ಎಂದಿಲ್ಲವಲ್ಲ, ಆರ್ಡರ್ ಬಂದರೆ ಹೋದರಾಯಿತು ಎಂದುಕೊಂಡು ಮತ್ತೆ ಕಟ್ಟಿದೆ. ಆರ್ಡರ್ ಬರಲಿಲ್ಲ. ಚೀಟಿ ಕಳಿಸಿದಲ್ಲಿಗೆ ಡಾಕ್ಟರ ಕೆಲಸ ಮುಗಿಯಿತು, ಕಟ್ಟಿಟ್ಟಲ್ಲಿಗೆ ನನ್ನದು ಮುಗಿಯಿತು. ಮಳೆಗಾಲದ ಹೊತ್ತಿಗೆ ಮೇಜು ತೀರಾ ಅಲುಗಾಡತೊಡಗಿತು. ಆ ಕಟ್ಟನ್ನು ಮಡಚಿ ಗಿಡ್ಡ ಕಾಲಿನ ಕೆಳಗೆ ಇಟ್ಟೆ. ಅಳತೆ ಮಾಡಿಸಿದಂತೆ ಕೂತಿತು. ಆ ಮೇಜಿನ ಮೇಲೇ ಪ್ರತಿ ತಿಂಗಳೂ ಒಂದು ನಮೂನೆ ತುಂಬಿ ಕಳಿಸುತ್ತಿದ್ದೆ: 'ಸಮಿತಿಯ ಸದಸ್ಯರನ್ನು ಉಳಿಸಿಕೊಳ್ಳಲು ಕೈಗೊಂಡ ಕ್ರಮಗಳು.' ಚಹಾ, ಬಿಸ್ಕತ್ತು, ಗೋಡೆ ಕ್ಯಾಲೆಂಡರು ಎಂದು ಬರೆಯುತ್ತಿದ್ದೆ. ಅಕ್ಷರ ಈಗ ಚೆನ್ನಾಗಿ ಬರುತ್ತಿತ್ತು. ಮೇಜು ಗಟ್ಟಿಯಾಗಿತ್ತಲ್ಲ.

ಇತ್ತ ಸಮಿತಿ ಒಡೆಯಿತು. ಬಿಡುವವರಿಂದ ಕಾರಣ ಬರೆಸಿಕೊಳ್ಳಬೇಕೆಂಬ ನಿಯಮವಿತ್ತು. ವಿಠೋಬಾ 'ಚಹಾದಾಗ ಸಕ್ರಿ ಕಮ್ಮಿ' ಎಂದು ಬರೆಸಿದ. ಸಾಯಪ್ಪ ಏನೂ ಬರೆಸಲಿಲ್ಲ. ತನ್ನ ಕುರ್ಚಿಯನ್ನು ಹೊತ್ತುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕ್ಷೌರಕ್ಕೆ ಹಾಕಿಕೊಂಡ. ನನ್ನ ಏಳು ಕುರ್ಚಿಗಳಲ್ಲಿ ಊರಿಗೆ ಉಪಯೋಗವಾದದ್ದು ಅದೊಂದೇ. ನಿಜವಾದ ಕಾರಣ ಎಲ್ಲರಿಗೂ ಒಂದೇ ಇತ್ತು. ಹೊಲಕ್ಕೆ ಹೋದರೂ ಬಾವಿಗೆ ಹೋದರೂ, ನಮ್ಮ ರಕ್ತದ ಸುದ್ದಿ ಏನಾಯಿತು ಎಂದು ಜನ ಕೇಳುತ್ತಿದ್ದರು. ಆರು ಜನ ಬಿಟ್ಟು ತಪ್ಪಿಸಿಕೊಂಡರು. ಮೋನಮ್ಮ ಬಿಡಲಿಲ್ಲ. ಬಿಡಲು ಬರುತ್ತಲೂ ಇರಲಿಲ್ಲ. ಕಂಬಳಿ ಆಕೆಯದು, ಪಡಸಾಲೆಯ ನಡುವೆ ಹಾಸಿಯೇ ಇತ್ತು.

ಉಗಾದಿ ಹೋಯಿತು, ನಾಗರಪಂಚಮಿ ಹೋಯಿತು. ಮನೆಯವರು ಕಂಬಳಿಯ ಸುತ್ತ ಗೋಡೆಗೆ ಮೈ ತಾಗಿಸಿ ಓಡಾಡುವುದನ್ನು ಕಲಿತರು. ಮರಿಗಳು ಹತ್ತದಂತೆ ಆಕೆ ನಾಲ್ಕೂ ಮೂಲೆಗೆ ಕಲ್ಲಿಟ್ಟು ಸುತ್ತ ಮುಳ್ಳು ಹಾಕಿದಳು. ಮಾಳಿಗೆ ಸೋರಿದಾಗ ಅದರ ಮೇಲೆ ಹಿತ್ತಾಳೆ ಪಾತ್ರೆ ಇಟ್ಟಳು. ಬಂದವರೆಲ್ಲ ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ಆಕೆಯ ಮುಖ.

ಮಳೆಗಾಲದಲ್ಲಿ ದ್ರೌಪದಿಯ ಕೈಗಳ ಮೇಲೂ ಕಪ್ಪು ಏರಿ ಸಿಪ್ಪೆ ಎದ್ದಿತು. ನಾಲಿಗೆ ಕೆಂಡದಂತಾಗಿ ರೊಟ್ಟಿ ಇಳಿಯದಾಯಿತು. ಭೇದಿ ನಿಲ್ಲದಾಯಿತು. ಆಮೇಲೆ ಬುದ್ಧಿ ತಪ್ಪಿತು. ಹಿಟ್ಟಿಗೆ ಬೂದಿ ಕಲಸಿದಳು, ಗಂಡನನ್ನು ಯಾರೆಂದು ಕೇಳಿದಳು. ಸೂಜಿ ಚುಚ್ಚಿದ ರಂಧ್ರದಿಂದ ದೆವ್ವ ಹೊಕ್ಕಿದೆ ಎಂದು ಊರು ತೀರ್ಮಾನ ಮಾಡಿತು. ಯಂಕಪ್ಪ ಅವಳನ್ನು ತಾಂಡೂರಿನ ಆಚೆಯ ತವರಿಗೆ ಬಿಟ್ಟು ಬಂದ. ಬಂದವನು ಅತ್ತಿಗೆಯ ಮುಂದೆ ನಿಂತು ಒಂದೇ ಮಾತು ಅಂದನಂತೆ. "ಆಕಿ ಕೈ ಹಿಡದಾಕಿ ನೀನೇ, ವೈನಿ."

ಅಂದಿನಿಂದ ಮೋನಮ್ಮನನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿರದಂತೆ ನಾನು ಎಚ್ಚರ ವಹಿಸಿದ್ದೆ. ಆ ಕಡೆಯ ಬಸ್ಸನ್ನೇ ಹತ್ತಿರಲಿಲ್ಲ. ಮರುವರ್ಷದ ಸಂಕ್ರಾಂತಿ ಹತ್ತಿರವಾದಾಗ ಕಾಗದ ಬಂತು: ದಿಲ್ಲಿಯಿಂದ ಇಬ್ಬರು ಹಿರಿಯರು ಜನರ ಸಮಿತಿಯನ್ನು ನೋಡಲು ಬರುತ್ತಾರೆ, ಏಳೂ ಸದಸ್ಯರು ಹಾಜರಿರಬೇಕು. ಆಗ ಹೋದೆ. ಮೋನಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ಒಳಗೆ ಕಂಬಳಿ, ಮುಳ್ಳು, ಕಲ್ಲು. ಹಾಸಿ ವರ್ಷವಾಗುತ್ತ ಬಂದಿತ್ತು.

"ಏನ್ ತಂದೀರಿ ಸಾಹೇಬ್ರ?"

"ದೊಡ್ಡವರು ಬರಾಕತ್ಯಾರ್ರಿ ಮೋನಮ್ಮಾ, ದಿಲ್ಲಿಂದ. ಕಮಿಟಿ ನೋಡಾಕ."

"ಕಮಿಟಿ ಕೇಳ್ಳಿಲ್ಲ ನಾ. ನಮ್ ರಕ್ತದ ಮಾತು ಏನಾತು?"

"ಬರ್ತದ್ರಿ. ಹೈದರಾಬಾದದಾಗ ಅದ, ನೋಡಾಕತ್ಯಾರ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಕೆಮ್ಮು ಕೂಡ ಬರಲಿಲ್ಲ.

"ವರ್ಷಾತು ನೋಡಾಕ? ಅರವತ್ತೆರಡು ಮನಿ ರಕ್ತ ಏನು ಸಮುದ್ರ ಏನ್ರಿ?" ಆಕೆ ಕಂಬಳಿಯತ್ತ ಕೈ ಮಾಡಿದಳು. "ಅದನ್ನ ನೋಡ್ರಿ. ನನ್ ಗಂಡ ಥಂಡ್ಯಾಗ ಹರಕ್ ಕೌದಿ ಹೊತ್ಕೊಂಡು ಹಿಂಡಿನ್ ಜೋಡಿ ಹೋಗ್ಯಾನ. ನಿಮ್ ಮಾತು ಮಾತ್ರ ನನ್ ಕಂಬಳಿ ಮ್ಯಾಲ ಆರಾಮ ಮಲಗ್ಯದ."

ನಾನು ಅಲ್ಲಿಂದ ವಿಠೋಬಾನ ಮನೆಗೆ ಹೋದೆ. ಫೋಟೋ ತೆಗೆಯುತ್ತಾರೆ ಎಂದೆ. ಆರು ಕುರ್ಚಿಗೂ ಆಳು ಸಿಕ್ಕರು.

ಹಿರಿಯರು ಬಂದ ದಿನ ಎಲ್ಲ ಸರಿಯಾಗಿಯೇ ಇತ್ತು. ಪಡಸಾಲೆಯ ಗೋಡೆಗುಂಟ ಕುರ್ಚಿಗಳು. ಸಾಯಪ್ಪನ ಕುರ್ಚಿಗೆ ಮಾತ್ರ ಕೂದಲು ಅಂಟಿತ್ತು. ಮೋನಮ್ಮ ಮುಳ್ಳು ತೆಗೆದು ಕಂಬಳಿಯ ಧೂಳು ಒರೆಸಿದ್ದಳು. ಡಾಕ್ಟರು ಬರುತ್ತಾರೆ, ಮಾತು ಮುಗಿಸುತ್ತಾರೆ ಎಂದು ಆಕೆಗೆ ಇನ್ನೂ ಆಸೆ ಇತ್ತು. ಅದನ್ನು ನೆನೆದಾಗಲೆಲ್ಲ ನನಗೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ. ದಿಲ್ಲಿಯ ಹಿರಿಯರೊಬ್ಬರು ಕಂಬಳಿ ನೋಡಿ ಬಹಳ ಚೆಂದ ಎಂದು ಬೂಟು ಕಳಚಿ ಕೂಡಲು ಬಾಗಿದರು.

"ಕುಂದರಬ್ಯಾಡ್ರಿ!"

ಅವರು ಬಾಗಿದವರು ಹಾಗೇ ನಿಂತರು.

"ಅದರ ಮ್ಯಾಲ ಒಂದು ಮಾತು ಕುಂತದ. ಹೋದ್ ವರ್ಷ ಡಾಕ್ಟ್ರು ಬಂದು ಕೂಡ್ಸಿ ಹೋಗ್ಯಾರ. ಅದು ಏಳೂತನಕ ಇನ್ನೊಬ್ಬರಿಗಿ ಜಾಗ ಇಲ್ಲ. ಮೊದಲು ನಮ್ ರಕ್ತದಾಗ ಏನದ ಹೇಳ್ರಿ."

ಹಿರಿಯರು ಆಕೆ ಏನೆಂದಳೆಂದು ನನ್ನನ್ನು ಕೇಳಿದರು. "ಕಂಬಳಿ ಧೂಳಾಗಿದೆಯಂತೆ" ಎಂದೆ.

ಮೋನಮ್ಮ ನನ್ನತ್ತ ತಿರುಗಿದಳು. ಇಂಗ್ಲಿಷು ಬಾರದವರಿಗೆ ಉದ್ದ ಗಿಡ್ಡ ತಿಳಿಯುವುದಿಲ್ಲ ಎಂದುಕೊಂಡಿದ್ದೆ. "ನಾ ಹೇಳಿದ್ದು ಇಷ್ಟುದ್ದ" ಎಂದು ಆಕೆ ಎರಡೂ ತೋಳು ಚಾಚಿದಳು. "ನೀ ಹೇಳಿದ್ದು ಒಂದು ಗೇಣು. ಉಳದದ್ದು ಎಲ್ಲಿಟ್ಟಿ?"

ಅಲ್ಲಿಯತನಕ 'ರಿ' ಹಚ್ಚಿ ಕರೆದವಳು ಅಂದು ನನಗೆ 'ನೀ' ಅಂದಳು. ಆಮೇಲೆ ಎಂದೂ 'ರಿ' ಹಚ್ಚಲಿಲ್ಲ. ಉತ್ತರಕ್ಕೆ ಕಾಯದೆ ಡಾಕ್ಟರ್ ನರಸಿಂಹುಲು ಅವರ ಮುಂದೆ ನಿಂತು ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು: ಉಗಾದಿ, ಅರವತ್ತೆರಡು ಮನೆ, ದ್ರೌಪದಿ.

"ನಾನು ಪ್ರಯತ್ನ ಮಾಡುತ್ತೇವೆ ಎಂದಷ್ಟೇ ಹೇಳಿದ್ದೆ" ಎಂದರು ಅವರು. "ಆದರೂ ಉಗಾದಿಗೆ ಮೊದಲೇ ಎಲ್ಲ ಚೀಟಿ ಜಹೀರಾಬಾದಿಗೆ ಕಳಿಸಿದ್ದೇನೆ."

ಜಹೀರಾಬಾದು ಎಂದರೆ ಒಂದು ಕೋಣೆ, ಒಂದು ಅಲಮಾರು, ನಾನು. ಪಡಸಾಲೆಯ ಕಣ್ಣೆಲ್ಲ ನನ್ನ ಮೇಲೆ ಬಿತ್ತು.

"ಎಲ್ಲಿ ಅವ?" ಮೋನಮ್ಮ ಕೇಳಿದಳು.

"ಮೇಜಿನ ಕಾಲ ಕೆಳಗ ಅವ" ಎಂದೆ. ಆ ದಿನ ನಾನು ಆಡಿದ ಮೊದಲ ನಿಜ.

"ಮೇಜಿನ ಕಾಲ ಕೆಳಗ?"

"ಅಲುಗಾಡ್ತಿತ್ತು."

ಮೋನಮ್ಮ ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದಳು. "ನಿನ್ ಮೇಜು ಅಲುಗಾಡಬಾರದಂತ ನಮ್ ಮನಿ ಅಲುಗಾಡಿಸಿದಿ? ಊರ ಮಂದಿ ನನ್ ಬಾಯಿ ನೋಡಿ ತೋಳು ಕೊಟ್ಟಾರ. ನಿನ್ ಕುರ್ಚಿ ನೋಡಿ ಅಲ್ಲ! ಆ ಹೆಣ್ಮಗಳ ಕೈ ನಾ ಹಿಡದಿದ್ದೆ, ಈ ಕೈಲಿ! ನಾಯಿನೂ ಉಂಡ ಮನಿ ನೆನಪಿಡ್ತದ. ನಿನಗ ನಾಯಿ ಅಂದ್ರ ನಾಯಿ ಸಿಟ್ಟಾಗ್ತದ."

ಇದಾದ ಮೇಲಿನವು ಅಚ್ಚಿಗೆ ಯೋಗ್ಯವಲ್ಲ. ಹಿರಿಯರಿಬ್ಬರೂ ಬೂಟು ಹಾಕಿಕೊಂಡರು. ಅವರು ದಿಲ್ಲಿಗೆ ಹೋಗಿ ಬರೆದ ವರದಿಯಲ್ಲಿ ನಮ್ಮ ಸಮಿತಿಯ ಬಗ್ಗೆ 'ಸದಸ್ಯರು ಚುರುಕಾಗಿ ಭಾಗವಹಿಸುತ್ತಾರೆ' ಎಂದಿತ್ತು. ಅದನ್ನು ಓದಿ ನಾನು ನಕ್ಕೆ ಎಂದು ಬರೆದರೆ ಸುಳ್ಳಾಗುತ್ತದೆ. ಹರಿದು ಹಾಕಿದೆ.

ಡಾಕ್ಟರು ಬೇರೆ ಯಾರನ್ನಾದರೂ ಕಳಿಸಿ ಚೀಟಿ ಓದಿಸುತ್ತೇನೆ ಎಂದರು. ಮೋನಮ್ಮ ಒಪ್ಪಲಿಲ್ಲ. ಡಾಕ್ಟರು ಕೂಡ ಬೇಡವೆಂದಳು. "ನೀವು ಪ್ರಯತ್ನ ಅಂದಿದ್ರಿ, ಅದು ನಿಮ್ ಬಾಯಿಂದ ನನ್ ಕಿವಿಗಿ ಬಂದಿಲ್ಲ. ಬಂದೇ ಬರ್ತೀವಿ ಅಂದಾವ ಈತ. ಕಂಬಳಿ ತಟ್ಟಿದಾವ ಈತ. ಮಾತು ಯಾವ ಬಾಯಿಂದ ಬಂದದ, ಆ ಬಾಯೇ ಮುಗಿಸ್ಲಿ."

ಆ ಸಂಜೆ ಜಹೀರಾಬಾದಿನಲ್ಲಿ ಡಾಕ್ಟರೇ ಬಗ್ಗಿ ಮೇಜೆತ್ತಿ ಹಿಡಿದರು, ನಾನು ಕಟ್ಟು ಎಳೆದೆ. ನಾಲ್ಕು ಮಡಿಕೆಯಾಗಿ ಒತ್ತಿಹೋಗಿತ್ತು. ಅವರು ಒಂದೊಂದೇ ಬಿಡಿಸಿ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಿದರು. ಗುಳಿಗೆ ಬೇಕಾದವರು ಒಂಬತ್ತು ಜನ. ದ್ರೌಪದಿಯ ಚೀಟಿಯಲ್ಲಿ 'ಜೀವಸತ್ವದ ತೀವ್ರ ಕೊರತೆ, ಕೂಡಲೇ ಚಿಕಿತ್ಸೆ' ಎಂದಿತ್ತು. ಡಾಕ್ಟರು ಅದನ್ನು ಉಳಿದವುಗಳ ಮೇಲೆ ಇಟ್ಟರು.

"ತಲೆ ಕೆಡುವುದು ಇದೇ ಕಾಯಿಲೆಯ ಕೊನೆಯ ಮೆಟ್ಟಿಲು" ಎಂದರು. "ದೆವ್ವ ಅಲ್ಲ. ಆಗಲೇ ಗುಳಿಗೆ ಕೊಟ್ಟಿದ್ದರೆ..."

ಕಟ್ಟಿನ ಮೇಲಿದ್ದ 'ಕಡತಕ್ಕೆ' ಎಂಬ ಅಕ್ಷರ ಯಾರದ್ದೆಂದು ನಾನು ಕೇಳಲಿಲ್ಲ. ಅವರದ್ದೇ ಎಂದು ಇಬ್ಬರಿಗೂ ಗೊತ್ತಿತ್ತು. ಗುಳಿಗೆಯ ಡಬ್ಬಿ ನನ್ನ ಕೈಗೆ ಕೊಟ್ಟು ಜೀಪು ಹತ್ತಿದರು.

ಎರಡು ದಿನ ಮನೆಮನೆ ತಿರುಗಿ ಓದಿದೆ. ಈ ಸಲ ಮೋನಮ್ಮ ಮುಂದೆ ನಡೆಯಲಿಲ್ಲ, ಕುರಿ ಹೊಡೆಯುವವಳಂತೆ ಕೋಲು ಹಿಡಿದು ನನ್ನ ಹಿಂದೆ ನಡೆದಳು. ಒಂದು ಸಾಲು ಬಿಟ್ಟು ಓದಿದರೆ ಕೋಲು ನೆಲಕ್ಕೆ ಕುಟ್ಟುತ್ತಿದ್ದಳು. ಯಾರೂ ನೀರು ಕೊಡಲಿಲ್ಲ. ವಿಠೋಬಾನ ಚೀಟಿ ಚೊಕ್ಕವಾಗಿತ್ತು. "ಇಷ್ಟ ಹೇಳಾಕ ವರ್ಷ ಬೇಕಾತೇನೋ ಬದ್ಮಾಶ್" ಎಂದ ಅವನು, ಫೋಟೋಕ್ಕೆ ಕೂತವನು. ಯಂಕಪ್ಪನ ಬಾಗಿಲಲ್ಲಿ ದ್ರೌಪದಿಯ ಚೀಟಿ ತೆಗೆದಾಗ ಅವನು ಓದಲು ಬಿಡದೆ ಕೇಳಿದ.

"ಹಂಗಾದ್ರ ದೆವ್ವ ಅಲ್ಲೇನ್ರಿ?"

"ಅಲ್ಲ."

"ಗುಳಿಗಿಗಿ ಹೋಗ್ತದ?"

"ಹೋಗ್ತದಂತ."

ಅವನು ರುಮಾಲು ತೆಗೆದು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟ.

"ಅರವತ್ತೊಂದು ಆತು" ಎಂದಳು ಮೋನಮ್ಮ. "ಇದು ಯಂಕಪ್ಪನ ಚೀಟಿ ಅಲ್ಲ. ಯಾರ ರಕ್ತ ಅದ, ಆಕಿ ಮುಂದ ಓದು. ನಡಿ ತಾಂಡೂರಿಗಿ."

ಮರುದಿನ ಆಕೆ, ಯಂಕಪ್ಪ, ನಾನು ಮೂವರೂ ಬಸ್ಸು ಹತ್ತಿದೆವು. ಜಹೀರಾಬಾದಿನಲ್ಲಿ ಬಸ್ಸು ಬದಲಿಸುವಾಗ ನಾನು ಚಹಾ ಕುಡಿಯೋಣವೇ ಎಂದೆ. ಆಕೆ ನೋಡಿದ ನೋಟಕ್ಕೆ ಅಂಗಡಿಯವನೇ ಒಲೆಯ ಹಿಂದೆ ಸರಿದ. ತಾಂಡೂರಿನಿಂದ ಆಚೆ ಎರಡು ಮೈಲಿ, ಕಲ್ಲುಗಣಿಗಳ ನಡುವೆ ನಡಿಗೆ. ದ್ರೌಪದಿ ತವರಿನ ಅಂಗಳದಲ್ಲಿ ಒಂದು ಹಾಸುಗಲ್ಲಿನ ಮೇಲೆ ಕೂತಿದ್ದಳು. ಓಡಿಹೋಗದಂತೆ ಸೊಂಟಕ್ಕೆ ಸೀರೆಯ ಚೂರು ಕಟ್ಟಿ ಕಂಬಕ್ಕೆ ಬಿಗಿದಿದ್ದರು. ಕೈಗಳು ಸುಟ್ಟ ಕಟ್ಟಿಗೆಯಂತಿದ್ದವು. ನಮ್ಮ ಯಾರ ಗುರುತೂ ಅವಳಿಗೆ ಸಿಗಲಿಲ್ಲ.

"ಓದು" ಎಂದಳು ಮೋನಮ್ಮ.

ಓದಿದೆ. ದ್ರೌಪದಿ ಕಲ್ಲಿನ ಮೇಲೆ ಉಗುರಿನಿಂದ ಗೆರೆ ಎಳೆಯುತ್ತಿದ್ದಳು.

"ಇನ್ನೊಮ್ಮಿ ಓದು."

ಓದಿದೆ. ಆಕೆ ಮತ್ತೊಮ್ಮೆ ಓದಿಸಿದಳು. ಮೂರನೆಯ ಸಲ ನಡುವೆ ನಿಂತು ಕಣ್ಣು ಒರೆಸಿಕೊಂಡೆ. ಕರುಣೆ ಬಂದು ಆಕೆ ಸಾಕೆನ್ನಬಹುದು ಎಂದುಕೊಂಡೆ.

"ಅಳೂದು ನಿನ್ ಮನ್ಯಾಗ ಅಳು. ಇಲ್ಲಿ ಓದು."

ಓದಿ ಮುಗಿಸಿದೆ. ಮೋನಮ್ಮ ಕಂಬದ ಗಂಟು ಬಿಚ್ಚಿದಳು. ಗುಳಿಗೆಯನ್ನು ಬೆಲ್ಲದ ನೀರಿನಲ್ಲಿ ಕರಗಿಸಿ, ಹಿಂದಿನ ಸಂಕ್ರಾಂತಿಯಂತೆಯೇ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಬಾಯಿಗೆ ಹಾಕಿದಳು. ಆಕೆ, ಯಂಕಪ್ಪ ಇಬ್ಬರೂ ಅಲ್ಲೇ ಉಳಿದರು. ನಾನೊಬ್ಬನೇ ಮರಳಿದೆ.

ಎಂಟನೆಯ ದಿನಕ್ಕೆ ದ್ರೌಪದಿ, ತನ್ನ ತಲೆ ಯಾರು ಬಾಚಿದ್ದು, ಬೈತಲೆ ಸೊಟ್ಟ ಇದೆ ಎಂದು ತಕರಾರು ತೆಗೆದಳಂತೆ. ಉಗಾದಿಗೆ ಮೊದಲು ಯಂಕಪ್ಪ ಅವಳನ್ನು ಮನೆಗೆ ಕರೆತಂದ. ಕೈಗಳಿಗೆ ಹೊಸ ಚರ್ಮ ಬಂದಿತ್ತು. ಕಳೆದ ಆ ವರ್ಷ ಮಾತ್ರ ಮರಳಿ ಬರಲಿಲ್ಲ. ಹುಚ್ಚಿ ಎಂದು ಕರೆದ ಬಾಯಿಗಳು ಆ ಹೆಸರನ್ನು ಅಷ್ಟು ಬೇಗ ಬಿಡಲೂ ಇಲ್ಲ.

ನನಗೆ ಹೇಳಿಕಳಿಸಿದರು. ಪಡಸಾಲೆಯ ತುಂಬ ಜನ. ಬೂಟು ಕಳಚಿ ಕಂಬಳಿಯ ಮೇಲೆ ಕೂತೆ. ನಾಟಕದ ಮಾತು ಒಂದೂ ನೆನಪಾಗಲಿಲ್ಲ. "ಮಾತು ಮುಗೀತು" ಎಂದೆ. ಕಂಬಳಿ ತಟ್ಟಲಿಲ್ಲ.

"ಏಳು" ಎಂದಳು ಮೋನಮ್ಮ. ನಾನು ಪೂರ್ತಿ ಏಳುವ ಮೊದಲೇ ಒಂದು ಮೂಲೆ ಎಳೆದಳು; ಮುಗ್ಗರಿಸಿ ಗೋಡೆ ಹಿಡಿದುಕೊಂಡೆ. ದ್ರೌಪದಿ ಇನ್ನೊಂದು ಮೂಲೆ ಹಿಡಿದಳು. ಇಬ್ಬರೂ ಕೊಡವಿ, ಮಡಚಿ, ಅಟ್ಟಕ್ಕಲ್ಲ, ಹಿಂಡಿನ ಕಡೆಗೆ ಹೊರಟಿದ್ದ ಒಬ್ಬನ ಹೆಗಲಿಗೆ ಹಾಕಿದರು, ಶಿವರಾಯನಿಗೆ ಮುಟ್ಟಿಸಲು. ಕಂಬಳಿ ಇದ್ದ ಜಾಗದಲ್ಲಿ ನೆಲ ಬೇರೆ ಬಣ್ಣಕ್ಕೆ ತಿರುಗಿತ್ತು. ಮುಂದೆ ಎಷ್ಟು ಸಾರಿಸಿದರೂ ಅದು ಹೋಗಲಿಲ್ಲವಂತೆ.

ಅದೇ ದಿನ ಮೋನಮ್ಮ ಸಮಿತಿ ಬಿಟ್ಟಳು. ಕಾರಣ ಬರೆಸು ಎಂದೆ. "ನಿನಗ ಗೊತ್ತಿಲ್ಲೇನು?" ಎಂದಳು. ನಮೂನೆಯಲ್ಲಿ ಕಾರಣ ಎಂದಿದ್ದ ಕಡೆ ನನ್ನ ಹೆಸರು ಬರೆದು ಕಳಿಸಿದೆ. ಮೇಲಿನವರು ಅದನ್ನು ಸಹಿ ಮಾಡುವ ಜಾಗ ತಪ್ಪಿ ಬರೆದದ್ದೆಂದು ತಿಳಿದು ಮರಳಿ ಕಳಿಸಿದರು.

ಎಂಬತ್ತೆರಡರಲ್ಲಿ ಹೊಸ ಡಾಕ್ಟರೊಬ್ಬರು, ಹೊಸ ಕಾಯಿಲೆ, ಹೊಸ ಸಮಿತಿ. ಮೋನಮ್ಮನಿಲ್ಲದೆ ಊರು ಏಳುವುದಿಲ್ಲ ಎಂದು ಅವರಿಗೂ ತಿಳಿಯಿತು. ನನ್ನನ್ನು ಕರೆದುಕೊಂಡು ಆಕೆಯ ಮನೆಗೆ ಹೋದರು. ಆಗ ಆಕೆಯನ್ನು ಮತ್ತೆ ಹೆರಿಗೆಗೆ ಕರೆಯುತ್ತಿದ್ದರು. ದ್ರೌಪದಿ ಜೊತೆಗೆ ಹೋಗುತ್ತಿದ್ದಳು. ಕಂಬಳಿ ಪಡಸಾಲೆಯ ಗೂಟಕ್ಕೆ ನೇತುಬಿದ್ದಿತ್ತು. ಡಾಕ್ಟರಿಗೆ ಯಾರೋ ಪದ್ಧತಿ ಹೇಳಿಕೊಟ್ಟಿರಬೇಕು. ಅವರು ಅದರತ್ತ ನೋಡಿ, ಹಾಸಿರಿ, ಕೂತು ಮಾತಾಡೋಣ ಎಂದರು.

ಮೋನಮ್ಮ ಒಳಗೆ ಹೋಗಿ ನನ್ನ ಹಳೆಯ ಕಬ್ಬಿಣದ ಕುರ್ಚಿಯೊಂದನ್ನು ತಂದು, ತುಕ್ಕು ಹಿಡಿದ ಕಾಲನ್ನು ಒದ್ದು ಬಿಡಿಸಿ, ಅವರ ಮುಂದಿಟ್ಟಳು.

"ಇದರ ಮ್ಯಾಲ ಕುಂದರ್ರಿ" ಎಂದಳು. "ನಿಮ್ ಮಾತಿಗಿ ಇದೇ ಸಾಕು."